ನೂರಾಹತ್ತು ಅಡಿಯ ಬಾಗಿಲು

ಕೋಡ್ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಒಂದು ಪರಿಚಿತ ತಲೆನೋವಿದೆ. ಹತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ "ಹೆಸರಿಗೆ ಐವತ್ತು ಅಕ್ಷರ ಸಾಕು" ಅಂತ ಒಂದು ಸಂಖ್ಯೆ ಬರೆದಿಟ್ಟು ಹೋಗಿರುತ್ತಾನೆ. ಆಮೇಲೆ ಬಂದವರೆಲ್ಲ ಆ ಐವತ್ತರೊಳಗೇ ಸಂಸಾರ ಮಾಡಬೇಕು. ಐವತ್ತೇ ಯಾಕೆ ಅಂತ ಕೇಳಿದರೆ ಹೇಳುವವರು ಯಾರೂ ಉಳಿದಿರುವುದಿಲ್ಲ. ಬದಲಾಯಿಸಲು ಹೋದರೆ ಮಾತ್ರ ಎಲ್ಲೆಲ್ಲೋ ಏನೇನೋ ಮುರಿದು ಬೀಳುತ್ತದೆ.

ಹಡಗುಗಳ ಲೋಕದಲ್ಲೂ ಇಂಥದೊಂದು ಸಂಖ್ಯೆಯಿತ್ತು: 110 ಅಡಿ. ಪನಾಮಾ ಕಾಲುವೆಯ ಬಾಗಿಲಿನ ಅಗಲ. 1908ರಲ್ಲಿ ನಿಗದಿಯಾದ ಈ ಅಳತೆ 2016ರವರೆಗೆ ಪ್ರಪಂಚದ ಹಡಗುಗಳ ಸೊಂಟವನ್ನು ಹಿಡಿದಿಟ್ಟಿತ್ತು. ಸರಕು ಹಡಗುಗಳ ಕಥೆ ಹೇಗೂ ಇರಲಿ, ನನಗೆ ಕುತೂಹಲ ಹುಟ್ಟಿಸಿದ್ದು ವಿಹಾರದ ಹಡಗುಗಳು, ಅಂದರೆ ಕ್ರೂಸ್ ಹಡಗುಗಳು. ಬಣ್ಣಬಣ್ಣದ ಕರಪತ್ರ ನೋಡಿದರೆ ಅವು ಎಲ್ಲಿಗೆ ಬೇಕಾದರೂ ಹೋಗುತ್ತವೆ ಅನ್ನಿಸುತ್ತದೆ. ನಿಜವಾಗಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಅಳತೆಯ ಟೇಪು.

ಈ ಅಳತೆಯ ಜಗಳ ಪನಾಮಾಗಿಂತ ಹಳೆಯದು. ಟೈಟಾನಿಕ್ ಕಥೆ ನಮಗೆಲ್ಲ ಗೊತ್ತು, ಆದರೆ ಮುಳುಗಿದ ಭಾಗ ಮಾತ್ರ. 1912ರ ಏಪ್ರಿಲ್ 10ರ ಸಂಜೆ ಅದು ಫ್ರಾನ್ಸಿನ ಶೆರ್ಬೂರ್ ಬಂದರಿಗೆ ಬಂತು. ಬಂತು ಅನ್ನುವುದಕ್ಕಿಂತ ಬಂದರಿನ ಎದುರಿಗೆ ನಿಂತಿತು ಅನ್ನುವುದು ಸರಿ. ಯಾಕೆಂದರೆ ಅಷ್ಟು ದೊಡ್ಡ ಹಡಗು ತಾಗಿ ನಿಲ್ಲುವಂಥ ಕಟ್ಟೆ ಅಲ್ಲಿರಲಿಲ್ಲ. ಹಾಗಾಗಿ 'ನೊಮಾಡಿಕ್' ಮತ್ತು 'ಟ್ರಾಫಿಕ್' ಎಂಬ ಎರಡು ಚಿಕ್ಕ ಹಡಗುಗಳು ದಡದಿಂದ ಪ್ರಯಾಣಿಕರನ್ನು ಹೊತ್ತು ತಂದು ಟೈಟಾನಿಕ್‌ಗೆ ಹತ್ತಿಸಿದವು. ನೊಮಾಡಿಕ್ ಮೇಲಿನ ದರ್ಜೆಯವರಿಗೆ, ಟ್ರಾಫಿಕ್ ಮೂರನೇ ದರ್ಜೆಯವರಿಗೆ. ಸಿನಿಮಾದಲ್ಲಿ ನೋಡಿದ್ದೀರಲ್ಲ ಮಾಲಿ ಬ್ರೌನ್, ಆಕೆ ಹಡಗು ಹತ್ತಿದ್ದು ಶೆರ್ಬೂರ್‌ನಲ್ಲೇ. ಮಾರನೇ ದಿನ ಐರ್ಲೆಂಡಿನ ಕ್ವೀನ್ಸ್‌ಟೌನ್‌ನಲ್ಲೂ ಇದೇ ಪಾಡು. ಅತ್ತ ನ್ಯೂಯಾರ್ಕಿನಲ್ಲಿ ಈ ಹಡಗುಗಳಿಗಾಗಿ ಕಟ್ಟೆಯನ್ನು ನದಿಯೊಳಕ್ಕೆ ಇನ್ನಷ್ಟು ಉದ್ದ ಮಾಡಿ ಅಂತ ಕಂಪನಿ ಕೇಳಿತ್ತು, ಸರ್ಕಾರ ಮುಖ ಸಿಂಡರಿಸಿಕೊಂಡೇ ತಾತ್ಕಾಲಿಕವಾಗಿ ಅಂತ ಒಪ್ಪಿತ್ತು.

ಕರಾವಳಿಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಮಂಗಳೂರಿನ ಹಳೇ ಬಂದರಿನಲ್ಲೂ ಅಳಿವೆಯ ಮರಳದಿಣ್ಣೆ ದಾಟಲಾಗದ ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕುತ್ತಿದ್ದವು, ದೋಣಿಗಳು ಹೋಗಿ ಸಾಮಾನು ಇಳಿಸಿಕೊಂಡು ಬರುತ್ತಿದ್ದವು. ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದ್ದು ಇದೇ ಕಾರಣಕ್ಕೆ. ಈಗ ಅಲ್ಲಿಗೆ ವಿದೇಶಿ ಕ್ರೂಸ್ ಹಡಗುಗಳೂ ಬರುತ್ತವೆ.

ಈಗ ಪನಾಮಾಗೆ ಬರೋಣ. ಕಾಲುವೆ ಅಂದರೆ ಎರಡು ಸಮುದ್ರಗಳ ನಡುವೆ ತೋಡಿದ ಗುಂಡಿ ಅಂದುಕೊಂಡವರಲ್ಲಿ ನಾನೂ ಒಬ್ಬನಾಗಿದ್ದೆ. ಹಾಗಲ್ಲ. ನಡುವೆ ಎತ್ತರದಲ್ಲೊಂದು ಕೆರೆಯಿದೆ, ಗಾಟುನ್ ಅಂತ. ಹಡಗನ್ನು ಕಾಂಕ್ರೀಟಿನ ದೊಡ್ಡ ತೊಟ್ಟಿಯೊಳಗೆ ಬಿಟ್ಟು, ಬಾಗಿಲು ಮುಚ್ಚಿ, ನೀರು ತುಂಬಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಸುಮಾರು 26 ಮೀಟರ್ ಮೇಲಕ್ಕೆತ್ತುತ್ತಾರೆ. ಆ ಕಡೆ ಹೋದ ಮೇಲೆ ಅದೇ ರೀತಿ ಇಳಿಸುತ್ತಾರೆ. ಈ ತೊಟ್ಟಿಗಳಿಗೆ ಲಾಕ್ ಅನ್ನುತ್ತಾರೆ. ಕಾಲುವೆ ಎಷ್ಟೇ ಅಗಲವಿರಲಿ, ಹಡಗು ತೊಟ್ಟಿಯೊಳಗೆ ಹಿಡಿಸದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗಬೇಕು.

ಮೊದಲು ಎಂಜಿನಿಯರುಗಳು ಯೋಚಿಸಿದ್ದು 95 ಅಡಿ ಅಗಲ. ಅಮೆರಿಕದ ನೌಕಾಪಡೆಯವರು ಮುಂದೆ ಬರುವ ಯುದ್ಧನೌಕೆಗಳಿಗೆ ಇದು ಸಾಲದು, 118 ಅಡಿ ಬೇಕು ಅಂತ ಪಟ್ಟು ಹಿಡಿದರು. ಕೊನೆಗೆ ಚೌಕಾಸಿಯಾಗಿ 110ಕ್ಕೆ ಬಂದು ನಿಂತಿತು. ತೊಟ್ಟಿಯ ಉದ್ದ ಸಾವಿರ ಅಡಿ. 1914ರ ಆಗಸ್ಟ್ 15ರಂದು 'ಆಂಕಾನ್' ಎಂಬ ಹಡಗು ದಾಟಿ ಕಾಲುವೆಯ ಅಧಿಕೃತ ಉದ್ಘಾಟನೆಯಾಯಿತು. ಗೋಡೆಗೆ ತಾಗಬಾರದೆಂದು ಹಡಗಿನ ಅಗಲಕ್ಕೆ ಸುಮಾರು 106 ಅಡಿ, ಅಂದರೆ 32.3 ಮೀಟರಿನ ಮಿತಿ ಬಂತು. ಎರಡೂ ಪಕ್ಕದಲ್ಲಿ ಉಳಿಯುವುದು ಎರಡೆರಡು ಅಡಿ ಜಾಗ! ಹಡಗು ಅತ್ತಿತ್ತ ಹೊರಳದಂತೆ ದಡದ ಹಳಿಗಳ ಮೇಲೆ ಚಿಕ್ಕ ವಿದ್ಯುತ್ ಎಂಜಿನ್ನುಗಳು ಹಗ್ಗ ಹಿಡಿದು ನಡೆಸುತ್ತವೆ. ಅವಕ್ಕೆ ಅಲ್ಲಿಯವರು ಇಟ್ಟ ಹೆಸರು ಹೇಸರಗತ್ತೆ :)

ತಮಾಷೆಯೆಂದರೆ, ಆ ಸಂಖ್ಯೆ ಕೇಳಿ ಪಡೆದ ನೌಕಾಪಡೆಯೇ ಅದಕ್ಕೆ ಸಿಕ್ಕಿಬಿತ್ತು. ಎರಡನೇ ಮಹಾಯುದ್ಧದ ಅಯೋವಾ ವರ್ಗದ ಯುದ್ಧನೌಕೆಗಳು 108 ಅಡಿ ಅಗಲ, ಅಂದರೆ ತೊಟ್ಟಿಗೆ ಉಸಿರು ಬಿಗಿಹಿಡಿದು ನುಗ್ಗುವಷ್ಟು. ಅದಕ್ಕಿಂತ ದೊಡ್ಡವು ಬೇಕೆನಿಸಿ 1940ರಲ್ಲಿ ದೊಡ್ಡ ತೊಟ್ಟಿಗಳಿಗಾಗಿ ಅಗೆಯಲು ಶುರು ಮಾಡಿದರು, 1942ರಲ್ಲಿ ಯುದ್ಧದ ನಡುವೆ ಅರ್ಧಕ್ಕೇ ನಿಲ್ಲಿಸಿದರು. ಆ ಗುಂಡಿಗಳ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆ ಕಾಲದ ಪ್ರಯಾಣಿಕ ಹಡಗುಗಳು ಮಾತ್ರ ಪನಾಮಾಗೆ ಸೊಪ್ಪು ಹಾಕಿರಲಿಲ್ಲ. 1936ರ 'ಕ್ವೀನ್ ಮೇರಿ' 118 ಅಡಿ ಅಗಲ. ಅದರ ಕೆಲಸ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ, ನ್ಯೂಯಾರ್ಕಿನಿಂದ ಇಂಗ್ಲೆಂಡಿಗೆ. ನಮ್ಮ ಸಿಟಿ ಬಸ್ಸಿನ ಹಾಗೆ ಒಂದೇ ರೂಟು. ಆ ಎರಡು ಬಂದರುಗಳಲ್ಲಿ ಜಾಗವಿದ್ದರೆ ಮುಗಿಯಿತು. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳು ಹಾರತೊಡಗಿದವು ನೋಡಿ, ಐದು ದಿನದ ಪ್ರಯಾಣ ಕೆಲವೇ ಗಂಟೆಗೆ ಇಳಿಯಿತು. ಬಸ್ಸು ಖಾಲಿ. 1967ರಲ್ಲಿ ಕ್ವೀನ್ ಮೇರಿ ನಿವೃತ್ತಿಯಾಗಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹೋಟೆಲಾಗಲು ಹೊರಟಿತು. ಅಲ್ಲಿಗೆ ಹೋಗಲೂ ಪನಾಮಾ ದಾಟಲಾಗದೆ ಇಡೀ ದಕ್ಷಿಣ ಅಮೆರಿಕವನ್ನು ಸುತ್ತಬೇಕಾಯಿತು ಪಾಪ.

ಆಗ ಕುನಾರ್ಡ್ ಕಂಪನಿ ಕಟ್ಟಿದ ಹೊಸ ಹಡಗು 'ಕ್ಯುಇ2', ಪ್ರಯಾಣ ಶುರುವಾದದ್ದು 1969ರಲ್ಲಿ. ಅಗಲ 105 ಅಡಿ, ಉದ್ದ 963 ಅಡಿ. ಈ ಎರಡು ಸಂಖ್ಯೆ ನೋಡಿದ ಕೂಡಲೇ ಅದರ ಜಾತಕ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಅಟ್ಲಾಂಟಿಕ್, ಚಳಿಗಾಲದಲ್ಲಿ ಲೋಕಸಂಚಾರ. ಪನಾಮಾದಲ್ಲಿ ನುಗ್ಗಬೇಕು, ಚಿಕ್ಕಪುಟ್ಟ ಬಂದರುಗಳಿಗೂ ಹೋಗಬೇಕು. ಹಡಗೇ ಊರಿಗೆ ತಕ್ಕಂತೆ ಮೈ ಹಿಡಿಮಾಡಿಕೊಂಡಿತ್ತು. ಇದರ ನಂತರ ಸುಮಾರು ಮೂರು ದಶಕ ಕ್ರೂಸ್ ಕಂಪನಿಗಳೆಲ್ಲ ಇದೇ ಮಿತಿಯೊಳಗೆ ಇದ್ದವು. ಕಾರಣ ಸರಳ. ಚಳಿಗಾಲದಲ್ಲಿ ಕೆರಿಬಿಯನ್, ಬೇಸಿಗೆಯಲ್ಲಿ ಅಲಾಸ್ಕ. ಎರಡರ ನಡುವೆ ಓಡಾಡಲು ಪನಾಮಾ ಬೇಕೇ ಬೇಕು. 1988ರಲ್ಲಿ ಬಂದ, ಆಗ ಬಹಳ ಸುದ್ದಿ ಮಾಡಿದ 'ಸಾವರಿನ್ ಆಫ್ ದ ಸೀಸ್' ಕೂಡ 73 ಸಾವಿರ ಟನ್ ಇದ್ದರೂ ಅಗಲದಲ್ಲಿ ಮಿತಿ ದಾಟಲಿಲ್ಲ. (ಇಲ್ಲಿ ಟನ್ ಅಂದರೆ ತೂಕವಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಲೆಕ್ಕ. ನಾನೂ ಬಹಳ ದಿನ ತೂಕ ಅಂತಲೇ ತಿಳಿದಿದ್ದೆ. ಟೈಟಾನಿಕ್ ಇದೇ ಲೆಕ್ಕದಲ್ಲಿ 46 ಸಾವಿರ.)

ಗೆರೆ ದಾಟಿದ್ದು 1996ರಲ್ಲಿ, 'ಕಾರ್ನಿವಲ್ ಡೆಸ್ಟಿನಿ'. ಒಂದು ಲಕ್ಷ ಟನ್ ಮೀರಿದ ಮೊದಲ ಪ್ರಯಾಣಿಕ ಹಡಗು. ಉದ್ದ 272 ಮೀಟರ್, ಅದೇನೂ ತೊಂದರೆಯಿಲ್ಲ. ಅಗಲ 35.4 ಮೀಟರ್. ಪನಾಮಾ ಮಿತಿಗಿಂತ ಬರೇ ಮೂರು ಮೀಟರ್ ಹೆಚ್ಚು! ನನ್ನ ಪ್ರಕಾರ ಕ್ರೂಸ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಮೂರು ಮೀಟರ್ ಇನ್ನೊಂದಿಲ್ಲ. ಹಡಗು ಕಟ್ಟುವ ಮೊದಲೇ ಕಂಪನಿ ತೀರ್ಮಾನಿಸಿಬಿಟ್ಟಿತ್ತು, ಇದು ವರ್ಷವಿಡೀ ಕೆರಿಬಿಯನ್‌ನಲ್ಲೇ ಸುತ್ತುತ್ತದೆ, ಮಯಾಮಿಯಿಂದ ಹೊರಟು ಮಯಾಮಿಗೆ ಬರುತ್ತದೆ, ಇದಕ್ಕೆ ಪೆಸಿಫಿಕ್ ಬೇಡ ಅಂತ. ಅರ್ಧ ಭೂಪಟವನ್ನು ಕೊಟ್ಟು ಹೆಚ್ಚು ಕೋಣೆಗಳನ್ನು ಕೊಂಡ ಹಾಗೆ.

ಅಗಲವೇ ಯಾಕೆ ಬೇಕಿತ್ತು? ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಕೊರೆಯುತ್ತೇನೆ, ಸಹಿಸಿಕೊಳ್ಳಿ. ಟೈಟಾನಿಕ್ ನೀರಿನೊಳಗೆ ಮುಳುಗಿ ನಿಲ್ಲುತ್ತಿದ್ದ ಆಳ ಸುಮಾರು ಹತ್ತೂವರೆ ಮೀಟರ್. 2009ರಲ್ಲಿ ಬಂದ 'ಒಯಾಸಿಸ್ ಆಫ್ ದ ಸೀಸ್' ಟೈಟಾನಿಕ್‌ಗಿಂತ ಹೆಚ್ಚುಕಡಿಮೆ ಐದು ಪಟ್ಟು ದೊಡ್ಡದು, 2,25,000 ಟನ್. ಅದು ಎಷ್ಟು ಆಳ ಮುಳುಗುತ್ತದೆ ಹೇಳಿ ನೋಡೋಣ? 9.3 ಮೀಟರ್! ಐದು ಪಟ್ಟು ದೊಡ್ಡ ಹಡಗಿಗೆ ಟೈಟಾನಿಕ್‌ಗಿಂತ ಕಡಿಮೆ ನೀರು ಸಾಕು. ಯಾಕೆಂದರೆ ಕೆರಿಬಿಯನ್ ದ್ವೀಪಗಳ ಬಂದರುಗಳೆಲ್ಲ ಆಳ ಕಡಿಮೆ ಇರುವಂಥವು. ಕೆಳಕ್ಕೆ ಬೆಳೆಯುವ ಹಾಗಿಲ್ಲ, ಆದ್ದರಿಂದ ಹಡಗುಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹಾಗೆ ಮೇಲಕ್ಕೆ ಬೆಳೆದವು. ಮೇಲಕ್ಕೆ ಬೆಳೆದರೆ ಮಗುಚುವ ಭಯ, ಅದಕ್ಕೆ ಕೆಳಗೆ ಅಗಲ ಬೇಕು. ಪನಾಮಾ ಅಗಲದೊಳಗೆ ಎಷ್ಟೇ ಗುದ್ದಾಡಿದರೂ 90 ಸಾವಿರ ಟನ್ನಿನ ಆಸುಪಾಸಿನಲ್ಲೇ ನಿಲ್ಲಬೇಕಾಗುತ್ತಿತ್ತು.

ಮೇಲಕ್ಕೆ ಬೆಳೆದದ್ದಕ್ಕೆ ಹೊಸ ಶತ್ರು ಹುಟ್ಟಿಕೊಂಡಿತು, ಸೇತುವೆ. 2004ರ 'ಕ್ವೀನ್ ಮೇರಿ 2' ಹಡಗಿನ ಹೊಗೆಕೊಳವೆಯ ಎತ್ತರ ಗೊತ್ತುಮಾಡಿದ್ದು ನ್ಯೂಯಾರ್ಕಿನ ಬಾಗಿಲಲ್ಲಿರುವ ವೆರಝಾನೋ ಸೇತುವೆ. ಒಯಾಸಿಸ್ ಹುಟ್ಟಿದ್ದು ಫಿನ್ಲೆಂಡಿನ ತುರ್ಕು ಊರಿನಲ್ಲಿ. ಬಾಲ್ಟಿಕ್‌ನಿಂದ ಹೊರಬರಲು ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯ ಕೆಳಗೆ ನುಸುಳಬೇಕು. ಸೇತುವೆಯ ಕೆಳಗಿನ ಜಾಗ 65 ಮೀಟರ್, ಹಡಗಿನ ಎತ್ತರ ನೀರಿನಿಂದ 72 ಮೀಟರ್. ಅದಕ್ಕೇ ಹೊಗೆಕೊಳವೆಯನ್ನು ಕೊಡೆಯ ಹಿಡಿಯಂತೆ ಒಳಕ್ಕೆ ಇಳಿಸುವ ಹಾಗೆ ಮಾಡಿದ್ದರು. 2009ರ ನವೆಂಬರ್ 1ರ ನಡುರಾತ್ರಿಯ ಮೇಲೆ ಅದು ಸೇತುವೆಯ ಕೆಳಗೆ ನಿಧಾನವಾಗಿ ಅಲ್ಲ, ಬೇಕೆಂದೇ ವೇಗವಾಗಿ ಹೋಯಿತು. ಆಳ ಕಡಿಮೆ ಇರುವಲ್ಲಿ ವೇಗವಾಗಿ ಹೋದರೆ ಹಡಗು ತುಸು ಕೆಳಕ್ಕೆ ಕುಸಿದು ಕೂರುತ್ತದಂತೆ. ಆ ತುಸುವೂ ಬೇಕಾಗಿತ್ತು. ಸೇತುವೆಗೂ ಹಡಗಿಗೂ ಉಳಿದ ಅಂತರ ಎರಡು ಅಡಿಯಷ್ಟು. ಮೇಲೆ ನಿಂತ ಕ್ಯಾಪ್ಟನ್ ತಲೆ ತಗ್ಗಿಸಿದ್ದನೋ ಇಲ್ಲವೋ, ನಾನಾಗಿದ್ದರೆ ಖಂಡಿತ ತಗ್ಗಿಸುತ್ತಿದ್ದೆ.

ಕೊನೆಗೂ ಪನಾಮಾದವರು ಆ ಹಳೇ ಸಂಖ್ಯೆ ಬದಲಾಯಿಸಿದರು. 2006ರಲ್ಲಿ ಜನಮತ ಕೇಳಿದರು, ಜನ ಹೂಂ ಅಂದರು, 1942ರಲ್ಲಿ ಬಿಟ್ಟುಹೋದ ಗುಂಡಿಗಳ ಒಂದಷ್ಟು ಭಾಗವೂ ಬಳಕೆಗೆ ಬಂತು. (ಹಳೇ ಕೋಡನ್ನು ಅಳಿಸಬೇಡಿ ಅಂತ ಹೇಳುವುದು ಇದಕ್ಕೇ!) 2016ರ ಜೂನ್ 26ರಂದು ತೆರೆದ ಹೊಸ ತೊಟ್ಟಿಗಳ ಅಗಲ 55 ಮೀಟರ್. 2018ರಲ್ಲಿ 1,68,000 ಟನ್ನಿನ 'ನಾರ್ವೀಜಿಯನ್ ಬ್ಲಿಸ್' ಅದರಲ್ಲಿ ದಾಟಿ ಅಲಾಸ್ಕ ಕಡೆ ಹೋಯಿತು. ಹಾಗಾದರೆ ಒಯಾಸಿಸ್ ಕೂಡ ಹೋಗಬಹುದಲ್ಲ? ನೀರಿನ ಮಟ್ಟದಲ್ಲಿ ಅದರ ಅಗಲ 47 ಮೀಟರ್, ಕೆಳಭಾಗವೇನೋ ತೊಟ್ಟಿಯಲ್ಲಿ ಹಿಡಿಸುತ್ತದೆ. ಆದರೆ ಕಾಲುವೆಯ ಪೆಸಿಫಿಕ್ ತುದಿಯಲ್ಲಿ 1962ರ ಒಂದು ಸೇತುವೆಯಿದೆ, ಬ್ರಿಜ್ ಆಫ್ ದ ಅಮೆರಿಕಾಸ್, ಕೆಳಗಿನ ಜಾಗ ಸುಮಾರು 61 ಮೀಟರ್. ಒಂದು ಸಂಖ್ಯೆ ತಿದ್ದಿದರೆ ಅದರ ಹಿಂದೆ ಅಡಗಿ ಕೂತಿದ್ದ ಇನ್ನೊಂದು ಸಂಖ್ಯೆ ಎದ್ದು ಬರುವುದು ನಮ್ಮ ಕಸುಬಿನಲ್ಲೂ ದಿನನಿತ್ಯದ ಅನುಭವ.

ಇಲ್ಲಿಯವರೆಗೆ ಹೇಳಿದ್ದು ದಾರಿಯ ಕಥೆ. ಊರುಗಳ ಕಥೆ ಬೇರೆಯೇ ಇದೆ.

ಒಯಾಸಿಸ್‌ನಲ್ಲಿ ಆರು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರು ಹಿಡಿಸುತ್ತಾರೆ. ಶೆರ್ಬೂರ್‌ನ ಹಾಗೆ ಹೊರಗೆ ನಿಂತು ದೋಣಿಯಲ್ಲಿ ಇಳಿಸೋಣವೆಂದರೆ, ದೋಣಿಗೆ 120 ಜನರಂತೆ ಲೆಕ್ಕ ಹಾಕಿದರೂ ಹೋಗಲು 50 ಸಲ, ಬರಲು 50 ಸಲ. ಕೊನೆಯ ಸರದಿಯವರು ದಡ ಸೇರುವ ಹೊತ್ತಿಗೆ ಮೊದಲು ಹೋದವರು ವಾಪಸ್ ಬರಲು ಸಾಲು ನಿಂತಿರುತ್ತಾರೆ. ಹಾಗಾಗಿ ಇಂಥ ಹಡಗಿಗೆ ತಾಗಿ ನಿಲ್ಲುವ ಕಟ್ಟೆ ಬೇಕೇ ಬೇಕು. ಅಂಥ ಕಟ್ಟೆಗಳಿರುವ ಊರು ಬೆರಳೆಣಿಕೆಯಷ್ಟು. ಇದ್ದವುಗಳನ್ನೇ ಹಿಗ್ಗಿಸಬೇಕು, ಇಲ್ಲದಿದ್ದರೆ ಹೊಸದಾಗಿ ಕಟ್ಟಬೇಕು.

ಜಮೈಕಾದ ಫಾಲ್ಮತ್ ಹಾಗೆ ಕಟ್ಟಿಸಿದ್ದು. 1769ರಲ್ಲಿ ಹುಟ್ಟಿದ ಊರು. ಆಫ್ರಿಕಾದಿಂದ ತಂದ ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನು ಹಡಗಿಗೆ ತುಂಬಿ ಶ್ರೀಮಂತವಾದ ಬಂದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಪಾದ್ರಿ ವಿಲಿಯಂ ನಿಬ್ ಇದ್ದದ್ದೂ ಇಲ್ಲೇ. ಆಮೇಲೆ ಸಕ್ಕರೆ ವ್ಯಾಪಾರ ಇಳಿಯಿತು, ಊರು ಮಲಗಿಬಿಟ್ಟಿತು. ಮಲಗಿದ್ದರಿಂದಲೇ ಹಳೆಯ ಮನೆಗಳು ಉಳಿದುಕೊಂಡವು. ಈ ಊರಿಗೆ 2011ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ ಮತ್ತು ಜಮೈಕಾದ ಬಂದರು ಪ್ರಾಧಿಕಾರ ಸೇರಿ ಒಯಾಸಿಸ್ ಅಳತೆಯ ಬಂದರು ಕಟ್ಟಿಕೊಟ್ಟರು. ಹವಳದ ದಿಬ್ಬವನ್ನು ಕೊರೆದು ದಾರಿ ಮಾಡಿದರು. ಹತ್ತು ಸಾವಿರ ಜನರೂ ಇಲ್ಲದ ಊರಿಗೆ ಒಂದೇ ಬೆಳಿಗ್ಗೆ ಆರು ಸಾವಿರ ಅತಿಥಿಗಳು. ಕಟ್ಟೆಯ ಬುಡದಲ್ಲೇ ಬೇಲಿಯೊಳಗೆ ಅಂಗಡಿ, ಹೋಟೆಲು ಎಲ್ಲ ಇವೆ. ಅಲ್ಲಿಂದಲೇ ಬಸ್ಸು ಹತ್ತಿ ಜಲಪಾತ ನೋಡಲು ಹೋಗಿಬಿಡುತ್ತಾರೆ, ಊರೊಳಗೆ ಕಾಲಿಡುವವರು ಕಡಿಮೆ ಅನ್ನುವುದು ಊರಿನ ವ್ಯಾಪಾರಿಗಳ ದೂರು. ಹಡಗಿಗಾಗಿ ಸಮುದ್ರವನ್ನೇ ಅಗೆದುಕೊಟ್ಟವರಿಗೆ ಹಡಗಿನವರ ಮುಖದರ್ಶನವೂ ಸರಿಯಾಗಿ ಇಲ್ಲ.

ಇನ್ನೂ ಸುಲಭದ ಉಪಾಯವೆಂದರೆ ಊರೇ ಬೇಡ ಅನ್ನುವುದು. ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ನಾರ್ವೀಜಿಯನ್ ಕಂಪನಿ 1977ರಲ್ಲೇ ತನ್ನದಾಗಿಸಿಕೊಂಡಿತ್ತು. ಈಗ ಬಹುತೇಕ ಎಲ್ಲರಿಗೂ ಒಂದೊಂದು ದ್ವೀಪವಿದೆ. ರಾಯಲ್ ಕೆರಿಬಿಯನ್‌ನ ಕೊಕೊಕೇ ದ್ವೀಪಕ್ಕೆ ಮೊದಲು ದೋಣಿಯಲ್ಲೇ ಇಳಿಯಬೇಕಿತ್ತು, 2019ರಲ್ಲಿ ದೊಡ್ಡ ಕಟ್ಟೆ ಬಂತು. ಅಲ್ಲಿ ಮೇಯರ್ ಇಲ್ಲ, ಮತದಾರರಿಲ್ಲ, ಬೇಡ ಅನ್ನುವವರು ಯಾರೂ ಇಲ್ಲ.

ಬೇಡ ಅಂದವರೂ ಇದ್ದಾರೆ. ಗ್ರಾಂಡ್ ಕೇಮನ್ ದ್ವೀಪದಲ್ಲಿ ಕ್ರೂಸ್ ಕಟ್ಟೆಯಿಲ್ಲ, ಇವತ್ತಿಗೂ ದೋಣಿಯೇ ಗತಿ. ಕಟ್ಟೆ ಕಟ್ಟಬೇಕೇ ಎಂಬ ಜಗಳ ವರ್ಷಗಟ್ಟಲೆ ನಡೆದು, ಕೋರ್ಟಿಗೂ ಹೋಗಿ, 2025ರ ಏಪ್ರಿಲ್‌ನಲ್ಲಿ ಮತಕ್ಕೆ ಬಂತು. ಹೆಚ್ಚಿನವರು ಬೇಡ ಎಂದರು. ದೊಡ್ಡ ಹಡಗುಗಳು ನಮ್ಮನ್ನು ಬಿಟ್ಟು ಹೋಗುತ್ತವೆ ಅಂತ ಗೊತ್ತಿದ್ದೂ ಹಾಗೆ ಹೇಳಿದ್ದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಕಥೆ ವೆನಿಸ್‌ನದು. ಹೂಳು ತುಂಬಿ ತನ್ನ ಹಿನ್ನೀರು ಮುಚ್ಚಿಹೋಗಬಾರದೆಂದು ಬ್ರೆಂಟಾ, ಪಿಯಾವೆ ನದಿಗಳನ್ನೇ ಬೇರೆ ಕಡೆಗೆ ತಿರುಗಿಸಿದ ಊರದು. ನೀರು ಅಂದರೆ ಅವರಿಗೆ ಬೀದಿಯೂ ಹೌದು, ಕೋಟೆಯೂ ಹೌದು. ಆ ಬೀದಿಯಲ್ಲೇ, ಸಂತ ಮಾರ್ಕರ ಚೌಕದ ಮುಂದೆ, ಜುಡೆಕ್ಕಾ ಕಾಲುವೆಯಲ್ಲಿ, ಡೋಜ್ ಅರಮನೆಗಿಂತ ಎರಡು ಪಟ್ಟು ಎತ್ತರದ ಹಡಗುಗಳು ತೇರಿನಂತೆ ಸಾಗುತ್ತಿದ್ದವು. ಮೇಲಿಂದ ನೋಡುವವರಿಗೆ ಅದಕ್ಕಿಂತ ಚೆಂದದ ನೋಟ ಇನ್ನೊಂದಿರಲಿಲ್ಲವಂತೆ. ಕೆಳಗಿನವರಿಗೆ ಆಕಾಶವೇ ಸ್ವಲ್ಪ ಹೊತ್ತು ಮುಚ್ಚಿಹೋಗುತ್ತಿತ್ತು.

2012ರ ಜನವರಿ 13ರಂದು ಇಟಲಿಯ ಇನ್ನೊಂದು ತುದಿಯಲ್ಲಿ, ಜಿಲಿಯೋ ದ್ವೀಪಕ್ಕೆ ನಮಸ್ಕಾರ ಹೇಳಲೆಂದು ತೀರಾ ಹತ್ತಿರ ಹೋದ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು ಮಗುಚಿ 32 ಜನ ಸತ್ತರು. ವೆನಿಸ್‌ನಲ್ಲಿ ಹೀಗಾದರೆ? ಎರಡೇ ತಿಂಗಳಲ್ಲಿ ಆದೇಶ ಬಂತು, 40 ಸಾವಿರ ಟನ್ ಮೀರಿದವು ಚೌಕದ ಮುಂದೆ ಬರಕೂಡದು. ಅದರ ಬಾಲದಲ್ಲೊಂದು ಷರತ್ತು: ಬೇರೆ ದಾರಿ ಸಿದ್ಧವಾದ ಮೇಲೆ. ದಾರಿ ಸಿದ್ಧವಾಗಲಿಲ್ಲ, ಹಡಗು ನಿಲ್ಲಲಿಲ್ಲ. ನಮ್ಮ ಊರಿನ ಆದೇಶಗಳ ನೆನಪಾಗುತ್ತದೆ, ಅಲ್ವಾ?

2019ರ ಜೂನ್ 2ರ ಬೆಳಿಗ್ಗೆ 'ಎಂಎಸ್‌ಸಿ ಒಪೆರಾ' ಎಂಬ ಹಡಗು ಜುಡೆಕ್ಕಾ ಕಾಲುವೆಯಲ್ಲಿ ಹಿಡಿತ ತಪ್ಪಿ, ಕಟ್ಟೆಗೂ ಅಲ್ಲಿ ನಿಂತಿದ್ದ ನದಿ ಹಡಗಿಗೂ ಗುದ್ದಿತು. ಕೆಲವರಿಗೆ ಗಾಯವಾಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಈ ಹಡಗಿನದೂ ಒಂದು ಕಥೆ: 2015ರಲ್ಲಿ ಇದನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ನಡುವೆ 24 ಮೀಟರಿನ ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ ಉದ್ದ ಮಾಡಿದ್ದರು. ಆದರೂ ಕ್ರೂಸ್ ಲೋಕದಲ್ಲಿ ಇದು ಮಧ್ಯಮ ಗಾತ್ರದ್ದು, 65 ಸಾವಿರ ಟನ್.

ಕೊನೆಗೆ 2021ರ ಆಗಸ್ಟ್ 1ರಿಂದ ನಿಜವಾದ ನಿಷೇಧ ಬಂತು. 25 ಸಾವಿರ ಟನ್ ಮೀರಿದ್ದು, ಅಥವಾ 180 ಮೀಟರಿಗಿಂತ ಉದ್ದದ್ದು, ಅಥವಾ ನೀರಿನ ಮೇಲೆ 35 ಮೀಟರಿಗಿಂತ ಎತ್ತರದ್ದು ಬರುವಂತಿಲ್ಲ. ಎಷ್ಟು ಬಿಗಿ ಅಂತ ಗೊತ್ತಾಗಲು ಒಂದು ಉದಾಹರಣೆ ಕೊಡುತ್ತೇನೆ. 2019ರ ಅಕ್ಟೋಬರಿನಲ್ಲಿ 'ಬ್ರೇಮರ್' ಎಂಬ ಕ್ರೂಸ್ ಹಡಗು ಗ್ರೀಸಿನ ಕೊರಿಂಥ್ ಕಾಲುವೆಯನ್ನು ದಾಟಿ ಸುದ್ದಿಯಾಗಿತ್ತು. 1893ರ ಆ ಕಾಲುವೆ ಬಂಡೆಯ ನಡುವಿನ ಸೀಳು, ಮೇಲ್ಮಟ್ಟದಲ್ಲಿ ಸುಮಾರು 24 ಮೀಟರ್ ಅಗಲ. ಹಡಗು ಇಪ್ಪತ್ತೆರಡೂವರೆ ಮೀಟರ್. ಅಕ್ಕಪಕ್ಕದ ಬಂಡೆಯನ್ನು ಕೈಚಾಚಿ ಮುಟ್ಟಬಹುದು ಅನ್ನುವಷ್ಟು ಹತ್ತಿರ. ಅಷ್ಟು ತೆಳ್ಳಗಿನ ಹಡಗು ವೆನಿಸ್ ನಿಯಮದಲ್ಲಿ ಟನ್ನಿನ ಲೆಕ್ಕಕ್ಕೆ ಪಾಸು, 24,344. ಉದ್ದದಲ್ಲಿ ಫೇಲು, ಸುಮಾರು 196 ಮೀಟರ್!

ವೆನಿಸ್‌ನವರೆಲ್ಲ ಇದರಿಂದ ಕುಣಿದಾಡಿದರು ಅಂದುಕೊಂಡರೆ ತಪ್ಪು. 2019ರಲ್ಲಿ ಆ ಬಂದರಿಗೆ ಬಂದುಹೋದ ಕ್ರೂಸ್ ಪ್ರಯಾಣಿಕರು ಸುಮಾರು 16 ಲಕ್ಷ. ಹಗ್ಗ ಕಟ್ಟುವವರು, ಸಾಮಾನು ಹೊರುವವರು, ದೋಣಿ ನಡೆಸುವವರು, ಇವರೆಲ್ಲರ ಅನ್ನ ಅದು. ಇನ್ನೊಂದು ಕಡೆ, ಹಳೇ ವೆನಿಸ್‌ನಲ್ಲಿ ವಾಸವಾಗಿರುವವರ ಸಂಖ್ಯೆ 2022ರಲ್ಲಿ 50 ಸಾವಿರಕ್ಕಿಂತ ಕೆಳಗಿಳಿಯಿತು. ಹಡಗು ಹೋದರೆ ಕೆಲಸವಿಲ್ಲ, ಹಡಗು ಇದ್ದರೆ ಊರಿಲ್ಲ ಅನ್ನುವ ಸಂಕಟ. ದೊಡ್ಡ ಹಡಗುಗಳನ್ನು ಬೈಯುವುದು ನನಗೂ ಅಷ್ಟು ಸಲೀಸಲ್ಲ. ಕೋಣೆಗಳು ಹೆಚ್ಚಾಗಿ ಟಿಕೆಟ್ ಅಗ್ಗವಾದ್ದರಿಂದಲೇ ನಮ್ಮಂಥ ಸಂಬಳದವರೂ ಕ್ರೂಸ್ ಕನಸು ಕಾಣುವಂತಾಗಿದ್ದು. ನನಗೂ ಒಮ್ಮೆ ಹೋಗುವ ಆಸೆ ಇದ್ದೇ ಇದೆ.

ನಿಷೇಧದ ನಂತರ ಕೆಲವು ಹಡಗುಗಳು ಟ್ರಿಯೆಸ್ಟೆಗೆ, ರವೆನ್ನಾಗೆ ಹೋದವು. ಇನ್ನು ಕೆಲವು ವೆನಿಸ್‌ನದೇ ಹಿನ್ನೀರಿನ ಹಿಂಬದಿಯ ಮಾರ್ಗೆರಾ ಎಂಬ ಕೈಗಾರಿಕಾ ಬಂದರಿಗೆ ಬರುತ್ತವೆ. ಅಲ್ಲಿಗೆ ಹೋಗುವ ಕಾಲುವೆ 1960ರ ದಶಕದಲ್ಲಿ ತೈಲದ ಹಡಗುಗಳಿಗಾಗಿ ತೋಡಿದ್ದು, ಹೆಸರೇ ಪೆಟ್ರೋಲ್ ಕಾಲುವೆ. ಹಡಗಿನ ಕರಪತ್ರದಲ್ಲಿ ಇವತ್ತಿಗೂ ಊರಿನ ಹೆಸರು ವೆನಿಸ್ ಅಂತಲೇ ಇರುತ್ತದೆ. ಬೆಳಿಗ್ಗೆ ಎದ್ದು ಬಾಲ್ಕನಿಗೆ ಬಂದವರಿಗೆ ಮೊದಲು ಕಾಣುವುದು ಎಣ್ಣೆ ಟ್ಯಾಂಕುಗಳು, ಆಮೇಲೆ ಬಸ್ಸು.